ಬಲಕ್ಕೆ ಬಿದ್ದ ಹೂ

ಸ್ಟೋವಿಗೆ ಅಷ್ಟು ಗಾಳಿ ಹೊಡೆಯಬೇಡವೇ ಎಂದು ಇಂದ್ರಾಬಾಯಿ ಹೇಳಿ ಬಾಯಿ ಮುಚ್ಚಿರಲಿಲ್ಲ, ಬಾಣಲೆ ಮಗುಚಿಬಿತ್ತು. ಕಾದ ಎಣ್ಣೆ ಮಗಳು ಚಂದ್ರವ್ವನ ಬಲಗೆನ್ನೆಗೆ ಸಿಡಿಯಿತು, ಒಂದೆರಡು ಹನಿ ಬಲಗಣ್ಣಿಗೂ. ಹುಡುಗಿಯ ಚೀರಾಟ ಭಾಂಡುಪಿನ ಚಾಳಿನ ಸಾಲುಮನೆಗಳಿಗೆಲ್ಲ ಕೇಳಿತು. ದೀಪಾವಳಿ ಕಳೆದರೆ ಮದುವೆ. ವಡಾಲದ ಗಂಡಿನವರು ಒಪ್ಪಿದ್ದೇ ಹುಡುಗಿಯ ಮುಖ ನೋಡಿ. ಕೊಡುವುದಕ್ಕೆ ಇವರ ಹತ್ತಿರ ಬೇರೇನಿತ್ತು, ಮಣ್ಣು!

ಮಾಟುಂಗದ ಡಾಕ್ಟರು ಉಡುಪಿ ಕಡೆಯವರು. ಕಣ್ಣಿಗೆ ಪಟ್ಟಿ ಕಟ್ಟಿ, ಬಿಡುವ ಹನಿಯ ಸೀಸೆ ಕೊಟ್ಟು ಬಿಡಿಸಿ ಹೇಳಿದರು:

“ಚರ್ಮ ಕಲೆ ಬಿಟ್ಟು ಮಾಯ್ತದೆ ಅಮ್ಮ, ಅಡ್ಡಿಲ್ಲ. ಕಣ್ಣು ಹಾಗೆ ಮಾಯಬಾರದು. ಅಲ್ಲಿ ಕಲೆ ಬಿತ್ತೋ, ನೋಟ ಹೋಯ್ತು. ಹನಿ ಮಾತ್ರ ತಪ್ಪಿಸಬೇಡಿ.”

ಇಷ್ಟೆಲ್ಲದರಲ್ಲಿ ಇಂದ್ರಾಬಾಯಿಯ ಕಿವಿಗೆ ಹೊಕ್ಕಿದ್ದು ಒಂದೇ ಮಾತು, ಕಲೆ. ಮನೆಗೆ ಬಂದವಳೇ ಕೆನ್ನೆಗೆ ಬೆಣ್ಣೆ ಹಚ್ಚಿದಳು, ಲೋಳೆಸರ ಹಚ್ಚಿದಳು, ಕಂಡಕಂಡವರು ಹೇಳಿದ್ದನ್ನೆಲ್ಲ ಹಚ್ಚಿದಳು. ಕಣ್ಣಿನ ಹನಿ ನೆನಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಖೋಲಿಯ ತಾಜಬಿಗೆ ತಡೆಯಲಾಗಲಿಲ್ಲ.

“ಮೊದಲ ಕಣ್ಣ ನೋಡವಾ ಇಂದ್ರಾ. ಚಮಡಿ ಏನ್ ಓಡಿ ಹೋಗ್ತದ?”

“ಕಣ್ಣಿಗಿ ಯಾರ ನೋಡ್ತಾರ ತಾಜಬಿ? ಗಂಡಿನವರು ಮಾರಿ ನೋಡ್ತಾರ!”

ಕೆನ್ನೆಯ ಗಾಯ ಅವರೆ ಎಲೆಯಷ್ಟಗಲ, ಒಂದು ಅಂಚು ಹರಿದ ಹಾಗೆ. ಅದು ಕಪ್ಪಾಗತೊಡಗಿದಾಗ ಇಂದ್ರಾಬಾಯಿಯ ಎದೆ ಒಡೆಯಿತು. ಊರಿನಿಂದ ತಂದ ಎಲ್ಲಮ್ಮನ ಹಿತ್ತಾಳೆ ಮುಖ ಗೂಡಿನಲ್ಲಿತ್ತು. ಅದರ ಹಣೆಗೆ ಒದ್ದೆ ಹೂವಿನ ಎಸಳು ಅಂಟಿಸಿ ಕೇಳುವುದು ಅವರ ಮನೆತನದ ಪದ್ಧತಿ. ಎಸಳು ಬಲಕ್ಕೆ ಜಾರಿದರೆ ತಾಯಿ ಒಪ್ಪಿದಳು, ಎಡಕ್ಕೆ ಜಾರಿದರೆ ಇಲ್ಲ. ಸೆರಗೊಡ್ಡಿ ಬೇಡಿಕೊಂಡಳು:

“ಯವ್ವಾ, ನನ್ನ ಮಗಳ ಗಲ್ಲದ ಮ್ಯಾಲಿನ ಕಲಿ ತಗಿ. ಬಲಕ್ಕ ಹೂ ಕೊಡು.”

ಕೇಳಿ ಮುಗಿಸುವಷ್ಟರಲ್ಲಿ ಎಸಳು ಬಲಕ್ಕೆ ಬಿತ್ತು. ತಡವೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಚಂದ್ರವ್ವ ಮುಖ ತೊಳೆದಾಗ ಹಕ್ಕಳೆ ನೀರಿನ ಜೊತೆ ಹೋಯಿತು. ಅಡಿಯಲ್ಲಿ ಎಳೆಗೂಸಿನ ಚರ್ಮ. ಕಲೆಯಿಲ್ಲ, ಗೆರೆಯಿಲ್ಲ, ಸುಟ್ಟ ಗುರುತೇ ಇಲ್ಲ. ಇಂದ್ರಾಬಾಯಿ ಆನಂದದಿಂದ ಅಳುತ್ತಲೇ ಕಣ್ಣಿನ ಪಟ್ಟಿ ಬಿಚ್ಚಿದಳು.

ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ. ಪುಟ್ಟದು, ಅವರೆ ಎಲೆಯ ಆಕಾರ, ಒಂದು ಅಂಚು ಹರಿದ ಹಾಗೆ.

“ಯಾ ಅಲ್ಲಾ,” ಬಾಗಿಲಲ್ಲಿ ನಿಂತ ತಾಜಬಿ ಬಾಯಿಗೆ ಸೆರಗು ಹಿಡಿದಳು. “ಬಲಗಣ್ಣಾಗ ಹೂ ಬಿದ್ದದ.”

ಕಣ್ಣಿನ ಬಿಳಿ ಕಲೆಗೆ ಎಲ್ಲರೂ ಹೂ ಎಂದೇ ಅನ್ನುತ್ತಾರೆ, ತಾಜಬಿ ಹೊಸದೇನೂ ಹೇಳಲಿಲ್ಲ. ಆದರೆ ಇಂದ್ರಾಬಾಯಿ ಗೂಡಿನ ಕಡೆ ತಿರುಗಿದಳು. ಬಲಕ್ಕ ಹೂ ಕೊಡು ಎಂದು ತನ್ನ ಬಾಯಿಂದಲೇ ಬೇಡಿದ್ದಳಲ್ಲ! ಓಡಿದವಳೇ ದೇವಿಯ ಹಣೆಗೆ ಮತ್ತೊಂದು ಎಸಳು ಅಂಟಿಸಿದಳು.

“ತಪ್ಪಾತು ತಾಯಿ! ಕಲಿ ತಿರುಗಿ ಗಲ್ಲಕ್ಕೇ ಹಾಕು. ಮದಿವಿ ಮುರದು ಬೀಳಲಿ, ಕಣ್ಣು ಕೊಡು.”

ಎಸಳು ಅಲುಗಿತು. ಹಿಂದೆ ಗೋಡೆ ಹಿಡಿದು ಬಂದ ಚಂದ್ರವ್ವ ಉಳಿದ ಎಡಗಣ್ಣೊಂದರಲ್ಲೇ ಅದನ್ನು ನೋಡಿದಳು.

“ಅವ್ವಾ... ಎಡಕ್ಕ ಜಾರ್ಲಿಕತ್ತದ.”

ಇಂದ್ರಾಬಾಯಿ ಅಂಗೈ ಚಾಚಿ ದೇವಿಯ ಮುಖವನ್ನೇ ಒತ್ತಿ ಹಿಡಿದಳು. ಅಂಗೈ ಕೆಳಗೆ ಎಸಳು ಮೆಲ್ಲಗೆ, ಜೀವ ಇದ್ದ ಹಾಗೆ, ಎಡಕ್ಕೆ ತಳ್ಳುತ್ತಿತ್ತು.

“ತಾಜಬೀ,” ಎಂದಳು, ತಿರುಗಿ ನೋಡದೆ, “ಹುಡುಗೀಗಿ ಹೊರಗ ಕರಕೊಂಡು ಹೋಗ. ಎಡಗಣ್ಣ ಕಾಣೂತನಕ ಎಲ್ಲಾ ತೋರಿಸು.”