ಗೋಡೆಯೊಳಗಿನ ಹೆಸರು

“ಯಾಂವಲೇ ಅವಾ ನಿಕಾನೋರ್? ನನ್ನ ಪಟ್ಟ್ಯಾಗ ಆ ಹೆಸರಿನ ನಾಯೀನೂ ಇಲ್ಲ.”

ಕಂಟ್ರಾಕ್ಟರ್ ಲೆದೆಸ್ಮಾ ಇಷ್ಟನ್ನೂ ನಗುನಗುತ್ತಲೇ ಹೇಳಿದ. ಬಾಗಿಲಲ್ಲಿ ನಿಂತಿದ್ದ ಮನೆಯ ಯಜಮಾನ ಹಲ್ಲಿನ ಡಾಕ್ಟರು, ಹಾಲ್ವರ್ಸನ್ ಅಂತ. ಅವನಿಗೆ ನಮ್ಮ ಸ್ಪ್ಯಾನಿಷ್ ಭಾಷೆ ಬಾರದು. ಇವನ ನಗು ನೋಡಿ ಅವನೂ ನಕ್ಕ. ನನ್ನ ಗಂಡ ನಿಕಾನೋರ್ ಟೋಪಿ ಕೈಯಲ್ಲಿ ಹಿಡಿದು ಮೆಟ್ಟಿಲ ಕೆಳಗೇ ನಿಂತಿದ್ದ. ತಾನು ದುಡಿದ ಮನೆಯ ಮೆಟ್ಟಿಲು ಹತ್ತಲು ಅವನಿಗೆ ಯಾರಾದರೂ ಬಾ ಅನ್ನಬೇಕಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು.

ಕೊನೆಯ ಏಳು ವಾರದ ಕೂಲಿ ನಮಗೆ ಬಂದಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂಲಿ ಮುಳುಗಿದರೆ ದುಡಿದವನು ಆ ಮನೆಯ ಮೇಲೇ ಬೋಜಾ ಹೇರಬಹುದು. ಬಾಕಿ ತೀರುವ ತನಕ ಮಾಲೀಕ ಅದನ್ನು ಸಲೀಸಾಗಿ ಮಾರಲಾರ, ಅದರ ಮೇಲೆ ಸಾಲ ಎತ್ತಲಾರ. ಆದರೆ ಕೆಲಸ ಮುಗಿದ ತೊಂಬತ್ತು ದಿನದೊಳಗೆ ಕಾಗದ ನೋಂದಣಿ ಕಚೇರಿ ಮುಟ್ಟಬೇಕು. ಅವತ್ತು ತೊಂಬತ್ತನೆಯ ದಿನ. ಕಚೇರಿ ಮುಚ್ಚುವುದು ನಾಲ್ಕಕ್ಕೆ, ಆಗಲೇ ಎರಡೂವರೆ ಆಗಿತ್ತು.

ಕಾಗದ ನನ್ನ ಚೀಲದಲ್ಲೇ ಇತ್ತು. ಹೆಸರಿನ ಜಾಗ ಖಾಲಿ ಬಿಟ್ಟಿದ್ದೆವು. ಈ ದೇಶದಲ್ಲಿ ದುಡಿಯಲು ನಮಗೆ ಪರವಾನಗಿ ಇಲ್ಲ; ನಿಕಾನೋರ್ ಕೆಲಸಕ್ಕೆ ಸೇರಿದ್ದು ಊರಿಗೆ ವಾಪಸಾದ ತನ್ನ ಚಿಕ್ಕಪ್ಪನ ಮಗ ರೂಬೆನ್‌ನ ಕಾಗದಪತ್ರ ತೋರಿಸಿ. ಹಾಗೆ ಮಾಡು ಎಂದು ಹೇಳಿಕೊಟ್ಟವನೂ ಇದೇ ಲೆದೆಸ್ಮಾ. ಅವನ ಜತೆಗೇ ದುಡಿದ ನನ್ನ ಹೆಸರಂತೂ ಎಲ್ಲೂ ಇರಲಿಲ್ಲ, ಹೆಂಡತಿಗೆ ಬೇರೆ ಕೂಲಿ ಚೀಟಿ ಯಾಕೆ ಅಂದಿದ್ದ. ಕೂಲಿಕಾರರ ಸಂಘದ ವಕೀಲೆ ಬಿಡಿಸಿ ಹೇಳಿದ್ದಳು: ಕಾಗದಕ್ಕೆ ಪ್ರಮಾಣ ಮಾಡಿ ಸಹಿ ಹಾಕಬೇಕು. ರೂಬೆನ್ ಅಂತ ಹಾಕಿದರೆ ಸುಳ್ಳು ಪ್ರಮಾಣ, ಜೈಲು. ನಿಕಾನೋರ್ ಅಂತ ಹಾಕಿದರೆ, ಆ ಹೆಸರಿನವನು ಅಲ್ಲಿ ದುಡಿದ ಅನ್ನಲು ಒಂದು ಚೂರು ಸಾಕ್ಷಿಯಿಲ್ಲ. ಡಾಕ್ಟರು ತನ್ನ ಮುಖ ನೋಡಿದ್ದಾನೆ, ಹೌದು ಅಂದೇ ಅನ್ನುತ್ತಾನೆ ಎಂದು ನಂಬಿ ನಿಕಾನೋರ್ ನನ್ನನ್ನು ಅಲ್ಲಿಗೆ ಕರೆತಂದಿದ್ದ. ನಮ್ಮ ಮಾತು ತಿಳಿಯದೆ ಡಾಕ್ಟರು ಲೆದೆಸ್ಮಾನನ್ನು ಕರೆಸಿದ್ದ.

“ಡಾಕ್ಟರಿಗೆ ಹೇಳ್ರಿ ಧಣಿ,” ಅಂದ ನಿಕಾನೋರ್. “ಈ ಮನೀ ಒಳಗಿನ ಗ್ವಾಡಿ ಎಲ್ಲಾ ನಾವ ಮಾಡೇವಿ. ಅಷ್ಟ ಹೇಳ್ರಿ ಸಾಕು.”

ಲೆದೆಸ್ಮಾ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ್ದೇ ಬೇರೆ. ಈ ಕುಡುಕ ಯಾರೋ ಗೊತ್ತಿಲ್ಲ, ಇಲ್ಲಿ ಯಾವತ್ತೂ ದುಡಿದವನಲ್ಲ, ಏನಾದರೂ ಗಿಟ್ಟೀತೆಂದು ಬಂದಿದ್ದಾನೆ ಅಂದ. ಆರು ವರ್ಷ ಇವರ ಮನೆಗಳ ನೆಲ ಒರೆಸಿದ್ದೇನೆ, ಆಡಲು ಬಾರದಿದ್ದರೂ ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತದೆ. ಡಾಕ್ಟರು ನನ್ನ ಗಂಡನ ಮುಖವನ್ನು ಒಂದು ಗಳಿಗೆ ನೋಡಿ, ನೆನಪಿಲ್ಲ ಎಂಬಂತೆ ತಲೆಯಾಡಿಸಿದ. ಹನ್ನೊಂದು ವಾರ ದಿನಾ ಬೆಳಗ್ಗೆ ಇದೇ ಡಾಕ್ಟರಿಗೆ ನಮಸ್ಕಾರ ಹೇಳಿದ ಮುಖ ಅದು.

ಲೆದೆಸ್ಮಾ ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿದ. “ಬೋಜಾ ಹಾಕ್ತೀರೇನ? ಹಾಕ್ರಿ. ಹೆಸರಿನ ಕೆಳಗ ಮನೀ ವಿಳಾಸಾನೂ ಬರೀಬೇಕಾಗ್ತದ. ಮುಂಜಾನೆ ವಲಸೆ ಪೊಲೀಸರ ವ್ಯಾನಿನವ್ರು ಬಂದು ಬಾಗಲಾ ಬಡೀತಾರ. ಗಂಟು ಕಟ್ಟಿ ಇಟ್ಕೋ ತಂಗಿ.”

ತಂಗಿ ಅಂದನಲ್ಲ ಆ ಭಾಡ್ಯಾ, ಆಗ ನನಗೆ ಮೇ ಮೂರು ನೆನಪಾಯಿತು.

ಮೇ ಮೂರು ನಮ್ಮ ಕಡೆ ಗಾರೆಯವರ ಹಬ್ಬ. ಕಟ್ಟುತ್ತಿರುವ ಮನೆಯ ನೆತ್ತಿಗೆ ಹೂ ಸುತ್ತಿದ ಶಿಲುಬೆ ನಿಲ್ಲಿಸುತ್ತೇವೆ, ಅವತ್ತಿನ ಊಟ ಧಣಿಯದು. ಲೆದೆಸ್ಮಾ ಊಟವನ್ನೂ ಹಾಕಲಿಲ್ಲ, ಡಾಕ್ಟರು ಏನಂದುಕೊಂಡಾನು ಎಂದು ಶಿಲುಬೆಯನ್ನೂ ಇಳಿಸು ಅಂದ. ನಿಕಾನೋರ್ ಅದನ್ನು ಇಳಿಸಿ ಪಡಸಾಲೆಯ ಗೋಡೆಯೊಳಗಿನ ಮರಕ್ಕೆ ಬಡಿದ, ಕೆಳಗೆ ಪೆನ್ಸಿಲಿನಿಂದ ತನ್ನ ನಿಜವಾದ ಹೆಸರು ಬರೆದ. ಶಿಲುಬೆಯ ಕೆಳಗೆ ಎರವಲು ಹೆಸರು ಬರೆಯುವ ಎದೆ ನಮ್ಮಲ್ಲಿ ಯಾರಿಗೂ ಇಲ್ಲ. ನಾನೂ ಬರೆದೆ. ಅದನ್ನು ನೋಡಿ ಲೆದೆಸ್ಮಾ ಹತ್ತಿರ ಬಂದ. ಅವನಪ್ಪನೂ ಗಾರೆಯವನೇ. ಆಮೇಲೆ ಟೋಪಿ ತೆಗೆದು, ನಿಕಾನೋರ್‌ನ ಕೈಯಿಂದ ಪೆನ್ಸಿಲ್ ಇಸಿದುಕೊಂಡು, ನಮ್ಮ ಹೆಸರುಗಳ ಕೆಳಗೆ ತನ್ನದನ್ನೂ ಬರೆದ. ಆ ಹೊತ್ತು ಅವನ ಮೇಲೆ ನನಗೆ ಒಡಹುಟ್ಟಿದವನೆಂಬ ಅಕ್ಕರೆಯೇ ಬಂದಿತ್ತು, ಸುಡು. ಮಧ್ಯಾಹ್ನ ಅದರ ಮೇಲೆ ಜಿಪ್ಸಮ್ ಹಲಗೆ ಬಡಿದೆವು. ಸಂದಿಗೆ ನಾನೇ ಪುಟ್ಟಿ ಎಳೆದೆ.

ನಾನು ಮೆಟ್ಟಿಲು ಹತ್ತಿದೆ. ಡಾಕ್ಟರ ಪಕ್ಕದಲ್ಲೇ ನುಗ್ಗಿ ಪಡಸಾಲೆಗೆ ಹೋದೆ. ನಿಕಾನೋರ್ ಹೆದರುತ್ತ ಹಿಂದೆಯೇ ಬಂದ. ಅವನ ಸೊಂಟದ ಪಟ್ಟಿಯಿಂದ ಹಲಗೆ ಕೊಯ್ಯುವ ಚೂರಿ ಕಿತ್ತುಕೊಂಡೆ. ಗೋಡೆಯ ತುಂಬ ಒಂದೇ ಬಿಳುಪು. ಅವನು ಮೇಲೆ ಕೆಳಗೆ ನೋಡಿದ, ಯಾವ ಹಲಗೆ ಅಂತ ಗುರುತು ಹತ್ತಲಿಲ್ಲ. ಹತ್ತಬಾರದು ಅಂತಲೇ ನಾನು ಮೂರು ಸಲ ಉಜ್ಜಿದ್ದು. ಕಣ್ಣು ಮುಚ್ಚಿ ಅಂಗೈ ಇಟ್ಟೆ. ಕಿಟಕಿಯಿಂದ ಮೂರನೆಯ ಸಂದಿ, ಎದೆಯ ಎತ್ತರಕ್ಕೆ ಕೂದಲೆಳೆಯಷ್ಟು ಉಬ್ಬು. ನನ್ನ ಕೈಯ ತಪ್ಪು ನನ್ನ ಕೈಗೇ ಗೊತ್ತು.

ಲೆದೆಸ್ಮಾನಿಗೆ ಅದು ಆಗ ನೆನಪಾಯಿತು. ಮುಖದ ನಗು ಇಳಿದುಹೋಯಿತು.

“ಏ ರಂಡೆ, ಗ್ವಾಡಿ ಮುಟ್ಟಿದ್ರ ಕೈ ಮುರೀತೀನಿ.”

“ಮುರಿ,” ಅಂದೆ. “ಇದ ಕೈಲೆ ನಿನ್ನ ಹೆಸರ ಮುಚ್ಚೀನಿ.”

ಚೂರಿ ಹಾಕಿ ಕೆಳಗೆ ಎಳೆದೆ. ಡಾಕ್ಟರು ಕೂಗಿದ. ಲೆದೆಸ್ಮಾ ನನ್ನ ರಟ್ಟೆ ಹಿಡಿಯಲು ಬಂದಾಗ ನಿಕಾನೋರ್ ನಡುವೆ ನಿಂತ. ಕೈ ಎತ್ತಲಿಲ್ಲ, ಜಾಗವನ್ನೂ ಬಿಡಲಿಲ್ಲ. ನಾಲ್ಕೂ ಕಡೆ ಕೊಯ್ದು ಹಲಗೆ ಕಿತ್ತೆ. ಬಿಳಿ ಪುಡಿ ಜಮಖಾನದ ಮೇಲೆಲ್ಲ ಬಿತ್ತು.

ಕಾಗದದ ಹೂ ಬಾಡದೆ ಹಾಗೇ ಇದ್ದವು. ಶಿಲುಬೆಯ ಕೆಳಗೆ ಮೇ ಮೂರು, ನಿಕಾನೋರ್ ತೆಪಾಲೆ, ತೋಮಾಸಾ ತೆಪಾಲೆ, ಎವೆರಾರ್ದೊ ಲೆದೆಸ್ಮಾ. ಡಾಕ್ಟರು ಹತ್ತಿರ ಬಂದು ಮೂರೂ ಹೆಸರನ್ನು ತಪ್ಪುತಪ್ಪಾಗಿ ಗಟ್ಟಿಯಾಗಿ ಓದಿದ. ಮೂರನೆಯದನ್ನು ಎರಡು ಸಲ ಓದಿ ಲೆದೆಸ್ಮಾನನ್ನು ನೋಡಿದ. ಲೆದೆಸ್ಮಾ ಶಿಲುಬೆಯ ಕಡೆ ಕಣ್ಣೆತ್ತಲೇ ಇಲ್ಲ. ನಾನು ಫೋಟೊ ತೆಗೆದುಕೊಂಡೆ. ಡಾಕ್ಟರೂ ಫೋನು ಹೊರಗೆ ತೆಗೆದ, ಫೋಟೊಗೋ ಪೊಲೀಸರಿಗೋ ತಿಳಿಯಲಿಲ್ಲ. ಕಾದು ನೋಡಲು ನಮಗೆ ಹೊತ್ತಿರಲಿಲ್ಲ.

ಮೂರೂ ಮುಕ್ಕಾಲಿಗೆ ಕಚೇರಿ ಮುಟ್ಟಿದೆವು. ನಿಕಾನೋರ್ ತನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದ. ಈ ದೇಶದಲ್ಲಿ ಅವನು ಅದನ್ನು ಬರೆದದ್ದು ಅದು ಎರಡನೆಯ ಸಲ. ಕಿಟಕಿಯ ಆಚೆಯ ಗುಮಾಸ್ತೆ ಓದಿ, ಕಾಗದ ವಾಪಸು ತಳ್ಳಿ, ಒಂದು ಜಾಗ ಖಾಲಿ ಉಳಿದಿದೆ ಎಂದು ಬೆರಳಿಟ್ಟಳು. ವಿಳಾಸ. ನಿಕಾನೋರ್‌ನ ಪೆನ್ನು ಅಲ್ಲೇ ನಿಂತಿತು. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು.

ನಾನು ಪೆನ್ನು ಇಸಿದುಕೊಂಡೆ. ಬೀದಿಯ ಹೆಸರು ಬರೆದೆ, ಮನೆಯ ಸಂಖ್ಯೆ ಬರೆದೆ. ನಾವಿರುವುದು ಹಿತ್ತಲ ಕಡೆಯ ಕೋಣೆಯಲ್ಲಿ ಅಂತಲೂ ಬರೆದೆ. ಬರುವವರು ಪಾಪ, ಮುಂಬಾಗಿಲು ಬಡಿದು ವಾಪಸು ಹೋಗಬಾರದಲ್ಲ.