ಹದಿನಾರು ಕಿರಣ

ಮಸುಯೊ ಕೈ ಎತ್ತಿದ್ದನ್ನು ಅಧ್ಯಕ್ಷರು ಮೊದಲು ಗಮನಿಸಲಿಲ್ಲ. ಒಶಿಹಾಮಾ ಮೀನುಗಾರರ ಸಹಕಾರ ಸಂಘದ ಸಭಾಂಗಣದಲ್ಲಿ ಮಧ್ಯಾಹ್ನದಿಂದ ಮಾತಾಡುತ್ತಿದ್ದವರೆಲ್ಲ ದೋಣಿಗಳ ಯಜಮಾನರು. ಧ್ವಜಗಳಿಗೆ ಬಣ್ಣ ಹಾಕುವ ಮಸುಯೊ ಹಿಂದಿನ ಸಾಲಿನಲ್ಲಿ, ಚಹಾದ ಕೆಟಲಿನ ಪಕ್ಕ ಕೂತಿದ್ದಳು. ಎತ್ತಿದ ಕೈಯನ್ನು ಇಳಿಸದೆ ಹಾಗೇ ಇದ್ದಳು. ಎರಡು ಸಾಲು ಮುಂದೆ ಸೇಕಿಚಿಯ ನರೆತ ತಲೆ ಕಾಣುತ್ತಿತ್ತು. ಆ ತಲೆ ಹಿಂದಿರುಗಿ ತನ್ನನ್ನು ನೋಡುವಂಥ ಮಾತನ್ನೇ ಆಡಬೇಕೆಂದು ಅವಳು ಬೆಳಿಗ್ಗೆಯೇ ನಿಶ್ಚಯಿಸಿಕೊಂಡಿದ್ದಳು.

ಚರ್ಚೆ ನಡೆದಿದ್ದು ಕಟ್ಟಡದ ಮುಂಬಾಗಿಲಿನ ಒಳಗೆ ತೂಗುಹಾಕಿದ್ದ ದೊಡ್ಡ ಧ್ವಜದ ಬಗ್ಗೆ. ಬಲೆ ತುಂಬ ಮೀನು ಸಿಕ್ಕ ದಿನ ದೋಣಿಗಳು ಏರಿಸಿಕೊಂಡು ಬರುತ್ತವಲ್ಲ, ಆ ಬಗೆಯದು. ನೀಲಿ ಅಲೆ, ಅಲೆಯಿಂದ ಮೇಲೆ ಚಿಮ್ಮಿದ ಕೆಂಪು ಮೀನು, ಮೀನಿನ ಹಿಂದೆ ಸೂರ್ಯ, ಸೂರ್ಯನಿಂದ ಬಟ್ಟೆಯ ಅಂಚಿನವರೆಗೂ ಹರಡಿದ ಹದಿನಾರು ಕೆಂಪು ಕಿರಣ. ಮೂವತ್ತೆಂಟು ವರ್ಷದಿಂದ ಅಲ್ಲೇ ಇತ್ತು. ಅಕ್ಟೋಬರಿನಲ್ಲಿ ಸಮುದ್ರದಾಚೆಯ ಕೊರಿಯಾದ ಬಂದರೊಂದರಿಂದ ಇಪ್ಪತ್ತೆರಡು ಜನ ಅತಿಥಿಗಳು ಎರಡು ದಿನದ ಮಟ್ಟಿಗೆ ಬರುವವರಿದ್ದರು. ಅವರ ಕಾಗದದ ಕೊನೆಯಲ್ಲಿ ಬಹಳ ವಿನಯದ ಒಂದು ಕೋರಿಕೆಯಿತ್ತು: ನಮ್ಮ ಜೊತೆ ವಯಸ್ಸಾದವರೂ ಬರುತ್ತಿದ್ದಾರೆ, ಅವರ ಕಾಲದಲ್ಲಿ ನಿಮ್ಮ ದೇಶದ ಸೈನ್ಯ ಬಂದದ್ದು ಅಂಥದೇ ಕಿರಣಗಳ ಧ್ವಜ ಹಿಡಿದು, ಆ ಎರಡು ದಿನ ಅದನ್ನು ತೆಗೆದಿಡಲು ಸಾಧ್ಯವೇ.

ಇದು ಮೀನಿನ ಧ್ವಜವೇ ಹೊರತು ಯುದ್ಧದ್ದಲ್ಲ ಎಂದು ಕೆಲವರು ವಾದಿಸಿದರು. ಸೂರ್ಯನನ್ನು ಬರೆಯುವುದಕ್ಕೂ ಇನ್ನೊಬ್ಬರ ಅಪ್ಪಣೆ ಕೇಳಬೇಕೇ ಎಂದ ಒಬ್ಬ ಯುವಕ. ಎರಡೇ ದಿನ ತಾನೆ, ತೊಳೆಯಲು ಹಾಕಿದ್ದೇವೆ ಅಂತ ಹೇಳಿದರಾಯಿತು ಎಂದು ಇನ್ನೊಬ್ಬ ಉಪಾಯ ಸೂಚಿಸಿದಾಗ ನಗು ಎದ್ದಿತು. ಆ ನಗುವಿನ ನಡುವೆಯೇ ಅಧ್ಯಕ್ಷರ ಕಣ್ಣಿಗೆ ಮಸುಯೊಳ ಕೈ ಬಿತ್ತು.

ಅವಳು ಎದ್ದು ನಿಂತು, ಯಾರನ್ನೂ ನೋಡದೆ ಹೇಳಿದಳು: "ಫುಕು ಅಕ್ಕನೂ ಕೊರಿಯಾದೋರೇ. ದಿನಾ ಬೆಳಿಗ್ಗೆ ಕಿಮ್ಚಿ ಉಪ್ಪಿನಕಾಯಿ ಗಾಡಿ ತಳ್ಕೊಂಡು ಮಾರ್ಕೆಟ್ಟಿಗೆ ಬರ್ತಾರೆ. ಈ ಮುಂಬಾಗಿಲಿಂದ ಬಂದ್ರೆ ನೂರು ಹೆಜ್ಜೆ. ಅವ್ರು ಈ ಧ್ವಜ ತಪ್ಪಿಸಿ, ಐಸ್ ಕಾರ್ಖಾನೆ ಸುತ್ತಿ ಹಿಂದುಗಡೆಯಿಂದ ಬರ್ತಾರೆ. ಮಳೆ ಬಂದ್ರೂ ಅಷ್ಟೆ, ಹಿಮ ಬಿದ್ರೂ ಅಷ್ಟೆ. ಮೂವತ್ತು ವರ್ಷದಿಂದ ನಮ್ಮನೆ ಕಿಟಕಿಯಿಂದ ನೋಡ್ತಿದೀನಿ. ಇದು ಎರಡು ದಿನದ ಮಾತಲ್ಲ. ಆ ಧ್ವಜ ಇಳೀಬೇಕು. ಇಳಿದ್ಮೇಲೆ ಮತ್ತೆ ಏರಬಾರ್ದು."

ಸೇಕಿಚಿ ಹಿಂದಿರುಗಿ ನೋಡಿದ. ಅವನೀಗ ಏನು ಹೇಳಬಹುದೆಂದು ಅವಳು ಹೆದರಿದಳು.

ಆ ಧ್ವಜ ಸೇಕಿಚಿಯ ಕೈಯದು. ಮಸುಯೊಳ ಅಪ್ಪನ ಬಳಿ ಕೆಲಸ ಕಲಿಯಲು ಬಂದು, ಏಳು ವರ್ಷ ಅವರ ಮನೆಯಲ್ಲೇ ಉಂಡು ಮಲಗಿದವನು ಅವನು. ಸಂಘದ ಹೊಸ ಕಟ್ಟಡಕ್ಕೆ ಧ್ವಜ ಬೇಕೆಂದಾಗ ಅಪ್ಪ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಚಿತ್ರ ಬರೆಯಲು ಹೇಳಿದರು. ಮಸುಯೊಗೆ ಆಗ ಇಪ್ಪತ್ತೆರಡು, ಸೇಕಿಚಿಗೆ ಇಪ್ಪತ್ನಾಲ್ಕು. ಅಪ್ಪ ಎರಡನ್ನೂ ಚಾಪೆಯ ಮೇಲೆ ಹರಡಿ ಒಂದು ಸಿಗರೇಟು ಮುಗಿಯುವವರೆಗೆ ನೋಡಿದರು. ಸೇಕಿಚಿಯದನ್ನು ಗೋಡೆಗೆ ಅಂಟಿಸಿದರು. ಅವಳದನ್ನು ಮಡಿಸಿ, ಅಕ್ಕಿಹಿಟ್ಟಿನ ಅಂಟು ಒಣಗದಿರಲೆಂದು ಅದರ ಮಡಕೆಗೆ ಮುಚ್ಚಳ ಮಾಡಿದರು. ಬೈಯಲಿಲ್ಲ, ತಿದ್ದಲೂ ಇಲ್ಲ. ಆಮೇಲೆ ಬಂದ ಗಿರಾಕಿಗಳಿಗೆಲ್ಲ, ಮಗಳು ಕೆಲಸ ಕಲಿತಿದ್ದಾಳೆ, ಕೈ ಇರುವುದು ಸೇಕಿಚಿಗೆ ಎಂದು ಸಹಜವಾಗಿ ಹೇಳುತ್ತಿದ್ದರು. ಸೇಕಿಚಿ ಬೇರೆಯಾಗಿ ಬಂದರಿನ ಆಚೆ ತುದಿಯಲ್ಲಿ ಧ್ವಜಗಳಿಗೆ ಬಣ್ಣ ಹಾಕುವ ತನ್ನದೇ ಅಂಗಡಿ ಹಾಕಿದ. ಅಪ್ಪ ತೀರಿಕೊಂಡರು. ಸಂಘದ ಬಾಗಿಲು ದಾಟುವಾಗಲೆಲ್ಲ ಅವಳು ತಲೆ ಎತ್ತುತ್ತಿರಲಿಲ್ಲ. ಎತ್ತದಿದ್ದರೂ ಆ ಮೀನಿನ ಬಾಲದ ತಿರುವು ಕಣ್ಣೆದುರು ಬರುತ್ತಿತ್ತು. ಅದು ಎಷ್ಟು ಚೆನ್ನಾಗಿದೆಯೆಂದು ಆ ಊರಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ಅವಳ ಚಿತ್ರದಲ್ಲೂ ಕಿರಣಗಳಿದ್ದವು. ಇಪ್ಪತ್ತನಾಲ್ಕು. ಅದನ್ನು ಬಲ್ಲವನು ಈಗ ಭೂಮಿಯ ಮೇಲೆ ಸೇಕಿಚಿ ಒಬ್ಬನೇ.

ಅವನು ಅದನ್ನು ಹೇಳಲಿಲ್ಲ. ಮಂಡಿ ನೋವಿನಿಂದ ಕುರ್ಚಿ ಹಿಡಿದು ಎದ್ದು, "ಬರೆದೋನು ನಾನು," ಎಂದ. "ಸೂರ್ಯ ಅಂದ್ಮೇಲೆ ಕಿರಣ ಇರ್ಬೇಕು, ಅಷ್ಟೇ ಗೊತ್ತಿದ್ದಿದ್ದು. ಮಸು ಹೇಳಿದ್ದು ಸರಿ. ಫುಕು ಅಕ್ಕ ಸುತ್ತಿ ಬರೋದು ನಂಗೆ ಕಂಡಿರ್ಲೇ ಇಲ್ಲ, ನಾಚಿಕೆ ಆಗುತ್ತೆ. ಯಾರಾದ್ರೂ ಏಣಿ ತನ್ನಿ, ನಾನೇ ಇಳಿಸ್ತೀನಿ."

ಒಬ್ಬರು ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಸೂರ್ಯನಿಗೆ ಅಪ್ಪಣೆ ಬೇಕೇ ಎಂದಿದ್ದ ಯುವಕನೇ ಹೋಗಿ ಏಣಿ ತಂದ. ಮಸುಯೊ ಮಾತಾಡಿದಾಗ ಸುಮ್ಮನಿದ್ದ ಕೈಗಳೇ ಅವು. ಅವಳಿಗೆ ಅಳು ಬಂದಂತಾಯಿತು. ಆ ಅಳುವಿನ ಕಾರಣ ತನಗೇ ತಿಳಿದಾಗ ಸಿಟ್ಟು ಬಂತು. ಧ್ವಜ ಇಳಿಯಿತು, ಅವಳು ಹೇಳಿದ್ದರಿಂದಲೇ ಇಳಿಯಿತು; ಆದರೂ ಗೆದ್ದವನು ಅವನೇ.

ಎರಡು ದಿನದ ನಂತರ ಜಿಲ್ಲಾ ಪತ್ರಿಕೆಯಲ್ಲಿ ಚಿತ್ರ ಬಂತು. ಏಣಿಯ ಮೇಲೆ ಸೇಕಿಚಿ, ತೋಳಿನ ಮೇಲೆ ಮಡಿಕೆ ಮಡಿಕೆಯಾಗಿ ಕೆಂಪು ಬಟ್ಟೆ. 'ತನ್ನ ಧ್ವಜವನ್ನು ತಾನೇ ಇಳಿಸಿದ ಕಸುಬುದಾರ' ಎಂಬ ಶೀರ್ಷಿಕೆ. ಚಿತ್ರದ ಕೆಳಮೂಲೆಯಲ್ಲಿ, ಏಣಿ ಜಾರದಂತೆ ಹಿಡಿದ ಒಂದು ಕೈ ಮಾತ್ರ ಕಾಣುತ್ತಿತ್ತು. ಉಗುರಿನ ಸಂದಿನ ನೀಲಿಯಿಂದ ಅದು ತನ್ನದೇ ಎಂದು ಮಸುಯೊ ಗುರುತಿಸಿದಳು.

ಆ ದಿನ ಅವಳು ಬೇಕೆಂದೇ ಫುಕು ಅಕ್ಕನ ಅಂಗಡಿಗೆ ಹೋದಳು. ಒಬ್ಬರಾದರೂ ತನಗೆ ಕೃತಜ್ಞತೆ ಹೇಳಬೇಕಿತ್ತು, ಹೇಳುವವರಿದ್ದರೆ ಈಕೆಯೇ. ಬಂದರಿಗೆಲ್ಲ ಫುಕು ಆಗಿದ್ದ ಆ ಮುದುಕಿಯ ನಿಜವಾದ ಹೆಸರು ಬೋಕ್‌ನಿಮ್. ಅಲೆ ತಡೆಯುವ ಆ ಊರಿನ ಕಲ್ಲುಗೋಡೆ ಕಟ್ಟಲು ಯುದ್ಧಕಾಲದಲ್ಲಿ ಕೊರಿಯಾದಿಂದ ಹಿಡಿದು ತರಲಾದವರಲ್ಲಿ ಅವಳ ತಂದೆಯೂ ಒಬ್ಬ. ಅವಳು ರಬ್ಬರ್ ಕೈಗವಸು ಹಾಕಿಕೊಂಡು ಎಲೆಕೋಸಿನ ಎಸಳುಗಳ ನಡುವೆ ಮೆಣಸಿನ ಮಸಾಲೆ ಸವರುತ್ತಿದ್ದಳು. ತಲೆ ಎತ್ತದೆ, ಸೌತೆಕಾಯಿಯದು ಇವತ್ತು ಚೆನ್ನಾಗಿ ಹುಳಿ ಬಂದಿದೆ ಎಂದಳು. ಮಸುಯೊ ಸ್ವಲ್ಪ ಕೊಡಿ ಎಂದಳು, ಕಾದಳು. ಕೊನೆಗೆ ತಾನೇ, ಸಭೆಯ ವಿಷಯ ಕೇಳಿರಬೇಕಲ್ಲ ಎಂದು ಶುರು ಮಾಡಿದಳು.

"ಕೇಳ್ದೆ," ಎಂದಳು ಬೋಕ್‌ನಿಮ್. "ನೀವೇ ಮೊದ್ಲು ಎದ್ದು ಹೇಳಿದ್ರಂತೆ."

"ಹೇಳ್ಬೇಕು ಅನ್ನಿಸ್ತು ಅಕ್ಕ."

ಬೋಕ್‌ನಿಮ್ ಮಸಾಲೆಯ ಕೈಯನ್ನು ಬೋಗುಣಿಯ ಅಂಚಿಗೆ ಒರೆಸಿದಳು. "ಸೇಕಿಚಿ ನಿನ್ನೆ ಬಂದಿದ್ರು. ನಂಗೆ ಕಾಣ್ಲೇ ಇಲ್ಲ, ತಪ್ಪಾಯ್ತು ಅಂತ ಬಗ್ಗಿ ನಿಂತ್ರು. ಕಾಣ್ದೇ ಇದ್ದೋರಿಗೆ ಏನನ್ನೋದು. ಹೋಗ್ಲಿ ಬಿಡಪ್ಪ ಅಂದೆ." ಮೊದಲ ಸಲ ಮುಖ ನೋಡಿದಳು. "ನಿಮಗೆ ಕಾಣ್ತಿತ್ತಲ್ಲ ಮಸುಯೊ. ಮೂವತ್ತು ವರ್ಷ ಕಿಟಕೀಲಿ ನೋಡಿದ್ರಲ್ಲ. ಆಗ್ಯಾಕೆ ಹೇಳ್ಲಿಲ್ಲ?"

ಧ್ವನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ಹಿಮ ಬಿದ್ದ ಬೆಳಿಗ್ಗೆಗಳಲ್ಲಿ ಗಾಡಿಯ ಚಕ್ರ ಜಾರಿ ಐಸ್ ಕಾರ್ಖಾನೆಯ ಗೋಡೆಗೆ ಹೊಡೆದ ಸದ್ದನ್ನು ಮಸುಯೊ ಎಷ್ಟೋ ಸಲ ಹಾಸಿಗೆಯಿಂದಲೇ ಕೇಳಿದ್ದಳು. ಆಗೆಲ್ಲ ಅವಳಿಗೆ ಆದದ್ದು ಒಂದು ಸಣ್ಣ ಖುಷಿ: ಸೇಕಿಚಿಯ ಧ್ವಜವನ್ನು ನೋಡಲು ಇಷ್ಟವಿಲ್ಲದ ಇನ್ನೊಬ್ಬರು ಈ ಊರಿನಲ್ಲಿದ್ದಾರೆ. ಅದನ್ನು ಹೇಗೆ ಹೇಳುವುದು. ಬೋಕ್‌ನಿಮ್ ಸೌತೆಕಾಯಿಯನ್ನು ಎರಡು ಚೀಲಗಳೊಳಗೆ ಹಾಕಿ ಗಂಟು ಬಿಗಿದು, ರಸ ಸೋರೀತು, ನೆಟ್ಟಗೆ ಹಿಡಿದುಕೊಳ್ಳಿ ಎಂದು ಕೊಟ್ಟಳು.

ವಾರ ಕಳೆದು ಅಧ್ಯಕ್ಷರು ಮನೆಗೆ ಬಂದರು. ಅತಿಥಿಗಳು ಬರುವ ಮೊದಲು ಕಿರಣವಿಲ್ಲದ ಹೊಸ ಧ್ವಜ ಬೇಕು, ಮಸುಯೊ ಬರೆದುಕೊಡಬೇಕು ಎಂದರು. ಅವಳ ಮುಖ ಅರಳುವಷ್ಟರಲ್ಲಿ, ಸೇಕಿಚಿಯೇ ನಿಮ್ಮ ಹೆಸರು ಸೂಚಿಸಿದ್ದು ಎಂದೂ ಸೇರಿಸಿದರು. ಒಲ್ಲೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಒಪ್ಪಿಕೊಂಡಳು.

ಇಪ್ಪತ್ತು ದಿನ ಅವಳು ಬಾಗಿಲು ಹಾಕಿಕೊಂಡು ಕೆಲಸ ಮಾಡಿದಳು. ಸೂರ್ಯನನ್ನೇ ಬಿಟ್ಟಳು. ಕೆಂಪು ಮೀನಿನ ಬದಲು ಚಳಿಗಾಲದ ದಪ್ಪ ಬುರಿ ಮೀನನ್ನು ಆರಿಸಿಕೊಂಡಳು, ಸೇಕಿಚಿ ಎಂದೂ ಬರೆಯದ ಮೀನನ್ನು. ಬಣ್ಣ ಹತ್ತಬಾರದ ಕಡೆ ಅಂಟಿನಿಂದ ಗೆರೆ ಎಳೆದು, ಬಣ್ಣ ತುಂಬಿ, ಒಣಗಿಸಿದಳು. ಅಂಟು ತೊಳೆಯುವವರೆಗೆ ಇಂಥ ಕೆಲಸದ ನಿಜರೂಪ ಕಾಣುವುದಿಲ್ಲ. ಐದು ಮೀಟರ್ ಬಟ್ಟೆಯನ್ನು ಹೊಳೆಯಲ್ಲಿ ಒಬ್ಬರೇ ತೊಳೆಯಲಾಗುವುದಿಲ್ಲ. ಕರೆಯದಿದ್ದರೂ ಸೇಕಿಚಿ ರಬ್ಬರ್ ಬೂಟು ಹಾಕಿಕೊಂಡು ಬಂದು ಇನ್ನೊಂದು ತುದಿ ಹಿಡಿದ.

ನೀರು ತಣ್ಣಗಿತ್ತು. ಮೊದಲು ಬಿಳಿ ಮಡ್ಡಿ ಮೋಡದಂತೆ ಎದ್ದು ಹರಿದುಹೋಯಿತು. ಸೇತುವೆಯ ಮೇಲೆ ಸೈಕಲ್ ನಿಲ್ಲಿಸಿ ಒಬ್ಬಳು ಹೆಂಗಸು ಕೆಳಗೆ ಬಗ್ಗಿ, "ಸೇಕಿಚಿ ಅಣ್ಣ, ಎಷ್ಟು ಚೆನ್ನಾಗಿ ಬಂದಿದೆ," ಎಂದಳು.

"ನಂದಲ್ಲಮ್ಮ, ಇವ್ರದ್ದು," ಎಂದ ಸೇಕಿಚಿ.

"ಹೌದಾ?" ಎಂದಳು ಅವಳು. ಇನ್ನೊಮ್ಮೆ ನೋಡಿ, ಸೈಕಲ್ ಹತ್ತಿ ಹೋದಳು.

ಮಸುಯೊ ಅಂಗೈಯಿಂದ ಬಟ್ಟೆಯನ್ನು ಉಜ್ಜುತ್ತ ಬಂದಳು. ಅಂಟಿನ ಕೆಳಗಿನಿಂದ ಬೆನ್ನಿನ ಗೆರೆ ಮೂಡಿತು, ಈಜುರೆಕ್ಕೆ ಮೂಡಿತು, ಕೊನೆಗೆ ಬಾಲ. ಬಲಕ್ಕೆ ಹೊರಳಿ, ತುದಿಯಲ್ಲಿ ಸ್ವಲ್ಪವೇ ತಡೆದು, ಮತ್ತೆ ಮೇಲಕ್ಕೆ ಎದ್ದ ಬಾಲ. ಸಂಘದ ಬಾಗಿಲಲ್ಲಿ ಮೂವತ್ತೆಂಟು ವರ್ಷ ತೂಗಿದ ಬಾಲದ್ದೇ ತಿರುವು. ಅವಳ ಕೈ ನಿಂತಿತು. ಆಚೆ ತುದಿಯಲ್ಲಿ ಸೇಕಿಚಿಯ ಕೈಯೂ ನಿಂತಿತ್ತು. ಅವನು ಆ ಬಾಲವನ್ನೇ ನೋಡುತ್ತಿದ್ದ. ನೋಡಿ, ಕಣ್ಣನ್ನು ಹೊಳೆಯ ಆಚೆ ದಡಕ್ಕೆ ತಿರುಗಿಸಿದ.

ಮಸುಯೊ ತನ್ನ ತುದಿಯನ್ನು ಎರಡೂ ಕೈಯಿಂದ ನೀರಿನೊಳಕ್ಕೆ ಒತ್ತಿ ಹಿಡಿದಳು. ಹರಿವಿಗೆ ಬಟ್ಟೆ ಉಬ್ಬಿ, ಅವಳ ಕೈಯಡಿಯಲ್ಲಿ ಮೀನು ಅಲುಗಾಡುತ್ತಲೇ ಇತ್ತು.