ಹಾಸುಗಲ್ಲು

ಕಾಂತಾಬಾಯಿ ಹಂಡೆಯಿಂದ ತೋಡಿದ ಬಿಸಿನೀರು ಅಂಗಳದ ಹಾಸುಗಲ್ಲಿನ ಮೇಲಿದ್ದ ಹೆಣದ ಪಾದಕ್ಕೆ ಬೀಳುವ ಮೊದಲೇ ಪ್ರಣಿತಾ ಅವಳ ಕೈ ಹಿಡಿದಳು.

"ಅತ್ತಿ, ಬ್ಯಾಡ್ರಿ. ಅವ್ವಗ ತಣ್ಣೀರು ಹಾಕ್ರಿ."

"ಹುಚ್ಚಿ ಏನ? ಸತ್ತವರಿಗಿ ಬಿಸಿನೀರೇ ಹಾಕೋದು." ತಂದೆಯ ತಂಗಿ ಕಾಂತಾಬಾಯಿ ದನಿ ತಗ್ಗಿಸಿದಳು. "ಬದುಕಿದ್ದಾಗ್ಲೇ ಉರಿ ಉರಿ ಅಂತಿದ್ಳು. ಚಿತಿ ಮ್ಯಾಲ ಏನಂತಾಳೋ!"

ಸೀರೆ ಅಡ್ಡ ಹಿಡಿದಿದ್ದ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಸೀರೆಯಾಚೆ, ಬುದ್ಧನ ಫೋಟೋದ ಬಳಿ ಬಿಳಿ ಬಟ್ಟೆಯಲ್ಲಿ ಕುಳಿತಿದ್ದ ತಂದೆ ನರಸಿಂಗ ಬಂದವರಿಗೆ ಹೇಳುತ್ತಿದ್ದ: "ಥರ್ಮಾಮೀಟರ್ ನಾನೇ ಇಟ್ಟು ನೋಡ್ತಿದ್ನಿರಿ. ಒಂದಿನಾನೂ ಜ್ವರ ಇರಲಿಲ್ಲ. ಆರಾಮ ಹೋದ್ಳು."

*

ಔರಾದದ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ನರಸಿಂಗನ ಮಾತನ್ನು ತನ್ನೂರು ಭಾತಂಬ್ರಾದಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ಹೆಂಡತಿ ಕೇಶರಬಾಯಿ ಒಳಗೆ ಉರಿಯುತ್ತದೆ ಎಂದಾಗಲೆಲ್ಲ ನೆರೆಯವರನ್ನು ಕರೆದು, ಅವರೆದುರೇ ಥರ್ಮಾಮೀಟರ್ ಇಡುತ್ತಿದ್ದ. ಗಾಜಿನ ಕಡ್ಡಿ ನಾಲಿಗೆಯಡಿ ಇರುವಷ್ಟು ಹೊತ್ತು ಅವಳು ಮಾತಾಡುವಂತಿರಲಿಲ್ಲ.

"ನೋಡ್ರಿ, ಬರೇ ಸುಳ್ಳ ಹೇಳ್ತಾಳ."

ಅವಳು ಚಳಿಗಾಲದಲ್ಲೂ ಅಂಗಳದ ಹಾಸುಗಲ್ಲಿನ ಮೇಲೆ ಮಲಗುತ್ತಿದ್ದಳು.

ಹೈದರಾಬಾದಿನ ಲ್ಯಾಬಿನಲ್ಲಿ ಪ್ರಣಿತಾಳ ಕೆಲಸ ಜೀವಕೋಶದೊಳಗಿನ ಶಾಖ ಅಳೆಯುವುದು. ತಾಯಿಯ ತೋಳಿನ ಚರ್ಮದ ಚೂರಿನಿಂದ ಕೋಶಗಳನ್ನು ಬೆಳೆಸಿ, ಹೊಳೆಯುವ ಬಣ್ಣ ಸೇರಿಸಿದ್ದಳು. ಶಾಖ ಏರಿದಂತೆ ಹೊಳಪು ಕುಂದುವ ಬಣ್ಣ ಅದು. ಆರೋಗ್ಯವಂತರ ಕೋಶಗಳು ಹೊಳೆದವು, ತಾಯಿಯವು ಮಂಕಾದವು. ಮತ್ತೆ ಮತ್ತೆ ನೋಡಿದರೂ ಅದೇ. ರೋಗದ ಹೆಸರು ಮಾತ್ರ ಇನ್ನೂ ತಿಳಿದಿರಲಿಲ್ಲ.

"ಅವ್ವಾ, ನೀ ಹೇಳಿದ್ದು ಖರೆ ಅದ. ಥರ್ಮಾಮೀಟರಿಗಿ ಕಾಣಲಾರದಷ್ಟು ಒಳಗ ಅದ ಉರಿ."

ಫೋನಿನ ಆಚೆಯಿಂದ ತಾಯಿ ಅಂದಳು:

"ಹಂಗಾದ್ರ ನಾಕ ಮಂದಿ ಎದುರಿಗಿ ಬಂದು ಹೇಳವ್ವ."

ಹೇಳಲು ಬರುವಷ್ಟರಲ್ಲಿ ಅವಳು ಹೋಗಿದ್ದಳು.

*

ಪ್ರಣಿತಾ ಸೀರೆ ಸರಿಸಿ ಹೊರಬಂದಳು.

"ಅಪ್ಪಾ, ಅವ್ವನ ಉರಿ ಖರೆ ಇತ್ತು. ಲ್ಯಾಬಿನಾಗ ಕಣ್ಣಾರೆ ನೋಡೀನಿ."

ನರಸಿಂಗ ಅಂಗಿಯ ಜೇಬು ತಟ್ಟಿದ. "ಇದಕ್ಕ ಸಿಗಲಾರದ್ದು ನಿನ್ನ ಲ್ಯಾಬಿಗಿ ಸಿಕ್ತೇನ?"

ಗಂಡಸರು ಮೀಸೆಯಲ್ಲೇ ನಕ್ಕರು. ಹೆಂಡತಿಯ ಹೆಣ ಅಲ್ಲಿರುವಾಗಲೂ ಆ ಗಾಜಿನ ಕಡ್ಡಿ ಜೇಬಿನಲ್ಲೇ ಇತ್ತು. ಪ್ರಣಿತಾ ತಿರುಗಿ ಹೋಗಿ ಹಂಡೆಯನ್ನು ಕಾಲಿನಿಂದ ಒದ್ದಳು. ಬಿಸಿನೀರು ಸೀರೆಯಡಿಯಿಂದ ಹರಿದುಬಂದು ತನ್ನ ಪಾದ ಮುಟ್ಟಿದಾಗ ನರಸಿಂಗ ಜಿಗಿದೆದ್ದ.

"ಏ, ಸುಡ್ತದ!"

"ಖರೇನ? ಥರ್ಮಾಮೀಟರ್ ಇಟ್ಟು ನೋಡ್ಕೋರಿ."

ಈಗ ಯಾರೂ ನಗಲಿಲ್ಲ. ಅವಳು ಮಣ್ಣಿನ ಕೊಡದಿಂದ ತಣ್ಣೀರು ತೋಡಿ, ಮೊದಲು ತಾಯಿಯ ತುಟಿಗಳ ಮೇಲೆ ಹೊಯ್ದಳು. ನೀರು ಕೊರಳಿಗಿಳಿದು, ಹೆಗಲಿಗಿಳಿದು, ಹಾಸುಗಲ್ಲಿನ ಮೇಲೆ ಕೇಶರಬಾಯಿ ಮಲಗಿ ಮಲಗಿ ನುಣುಪಾಗಿದ್ದ ತಗ್ಗಿನಲ್ಲಿ ಹರಿಯದೆ ನಿಂತಿತು.